ಅಪ್ಪ–ಅಮ್ಮನ ಆರೈಕೆಗಾಗಿ ವರ್ಗಾವಣೆ: ಅರ್ಜಿ ಹಾಕುವ ಮುನ್ನ ತಿಳಿದಿರಬೇಕಾದದ್ದು



ಗಡಿನಾಡಿನ ನಮ್ಮ ಊರುಗಳಲ್ಲಿ ಮಕ್ಕಳಿಗೆ ನೌಕರಿ ಸಿಕ್ಕಿತೆಂದರೆ ಊರು ಬಿಟ್ಟರೆಂದೇ ಅರ್ಥ. ಜತ್ತದ ಹುಡುಗಿ ಬ್ಯಾಂಕ್ ಪರೀಕ್ಷೆ ಪಾಸಾಗಿ ನಾಗಪುರಕ್ಕೆ ಹೋಗುತ್ತಾಳೆ. ಮಂಜೇಶ್ವರದ ಹುಡುಗ ತಿರುವನಂತಪುರದ ಕಚೇರಿಯಲ್ಲಿರುತ್ತಾನೆ. ಆದೋನಿಯವರು ರೈಲ್ವೆಯಲ್ಲಿ, ತಾಳವಾಡಿಯವರು ಚೆನ್ನೈಯಲ್ಲಿ. ಊರಲ್ಲಿ ಉಳಿಯುವವರು ಅಪ್ಪ–ಅಮ್ಮ. ಅವರು ಗಟ್ಟಿಯಾಗಿರುವವರೆಗೆ ಹಬ್ಬಕ್ಕೊಮ್ಮೆ ಬಂದು ಹೋಗುವುದರಲ್ಲಿ ನಡೆಯುತ್ತದೆ. ಒಮ್ಮೆ ಲಕ್ವಾ ಹೊಡೆದರೆ, ವಾರಕ್ಕೆರಡು ಸಲ ಡಯಾಲಿಸಿಸ್ ಬೇಕಾದರೆ, ಅಥವಾ ಅಮ್ಮನಿಗೆ ಮನೆಯವರ ಗುರುತೇ ಹತ್ತದಂತಾದರೆ ಫೋನಿನಲ್ಲಿ ವಿಚಾರಿಸಿಕೊಂಡರೆ ಸಾಲದು.

ಆಗ ಏಳುವ ಪ್ರಶ್ನೆ ಒಂದೇ: ‘ಊರಿನ ಹತ್ತಿರಕ್ಕೆ ವರ್ಗ ಮಾಡಿಸಿಕೊಳ್ಳಬಹುದೇ?’ ಸೊಲ್ಲಾಪುರದ ಕಚೇರಿಯಲ್ಲಿ ಇದಕ್ಕೆ ‘ಬದಲಿ’ ಎನ್ನುತ್ತಾರೆ, ಕಾಸರಗೋಡಿನಲ್ಲಿ ‘ಸ್ಥಲಂಮಾಟ್ಟಂ’, ಹೊಸೂರಿನಲ್ಲಿ ‘ಇಡಮಾರುದಲ್’. ಹೆಸರು ಬೇರೆಯಾದರೂ ದಾರಿ ಬಹುಮಟ್ಟಿಗೆ ಒಂದೇ. ಸದಸ್ಯರು ಮತ್ತೆ ಮತ್ತೆ ಕೇಳುವ ವಿಷಯವಾದ್ದರಿಂದ ನಮಗೆ ತಿಳಿದಿರುವುದನ್ನು ಇಲ್ಲಿ ಒಟ್ಟಿಗೆ ಕೊಡುತ್ತಿದ್ದೇವೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಇಂಥ ಅರ್ಜಿಗಳು ಗೆಲ್ಲುವುದು ಕಷ್ಟವನ್ನು ಹೆಚ್ಚು ಹೇಳಿಕೊಂಡದ್ದರಿಂದ ಅಲ್ಲ. ಮಂಜೂರು ಮಾಡುವ ಅಧಿಕಾರಿಗೆ ಸಹಿ ಹಾಕಲು ಒಂದು ಖಾಲಿ ಹುದ್ದೆ, ಒಂದು ನಿಯಮ ಮತ್ತು ಕಡತದಲ್ಲಿ ನಿಲ್ಲುವ ದಾಖಲೆ ಬೇಕು. ಈ ಮೂರನ್ನೂ ನಾವೇ ಹುಡುಕಿ ಅವರ ಮೇಜಿನ ಮೇಲಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಇದು ಹಕ್ಕೋ, ಕೋರಿಕೆಯೋ?

ಕೋರಿಕೆ. ಇದನ್ನು ಮನಸ್ಸಿಗೆ ತಂದುಕೊಂಡೇ ಮುಂದಡಿ ಇಡಬೇಕು. ಯಾರನ್ನು ಎಲ್ಲಿಗೆ ಹಾಕಬೇಕೆಂಬುದು ಇಲಾಖೆಗೆ ಬಿಟ್ಟ ವಿಷಯ, ವರ್ಗಾವಣೆ ಮಾರ್ಗಸೂಚಿಗಳಿಗೆ ಕಾನೂನಿನ ಬಲವಿಲ್ಲ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಎಸ್.ಎಲ್. ಅಬ್ಬಾಸ್ ಪ್ರಕರಣದಲ್ಲಿ ಹೇಳಿದೆ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ: ನೌಕರನು ಮನವಿ ಕೊಟ್ಟರೆ ಆಡಳಿತದ ಅಗತ್ಯವನ್ನು ನೋಡಿಕೊಂಡು ಅದನ್ನು ಪರಿಗಣಿಸಬೇಕು.

2022ರ ಮಾರ್ಚಿನಲ್ಲಿ ಎಸ್.ಕೆ. ನೌಶಾದ್ ರಹಮಾನ್ ಪ್ರಕರಣದ ತೀರ್ಪು ಬಂತು. ಕೇಂದ್ರದ ಕಸ್ಟಮ್ಸ್ ಮತ್ತು ಅಬಕಾರಿ ಸುಂಕ ಇಲಾಖೆಯ ನೌಕರರು ಒಂದು ಕಮಿಷನರೇಟಿನಿಂದ ಇನ್ನೊಂದಕ್ಕೆ ಹೋಗುವ ವಿಷಯವದು. ವರ್ಗಾವಣೆ ಕೊಡಲೇಬೇಕೆಂದು ಕೋರ್ಟ್ ಹೇಳಲಿಲ್ಲ. ಆದರೆ ಕುಟುಂಬ ಜೀವನವು ವ್ಯಕ್ತಿಯ ಘನತೆಯ ಭಾಗ, ನೀತಿ ರೂಪಿಸುವಾಗ ಅದಕ್ಕೆ ತಕ್ಕ ಸ್ಥಾನ ಕೊಡಬೇಕು ಎಂದಿತು. ಪತಿ–ಪತ್ನಿಯರ ಪ್ರಕರಣ, ಅಂಗವಿಕಲರ ಅಗತ್ಯ ಮತ್ತು ಅನುಕಂಪದ ಕಾರಣಗಳ ಬಗ್ಗೆ ನೀತಿಯನ್ನು ಮತ್ತೆ ಪರಿಶೀಲಿಸುವಂತೆಯೂ ಸೂಚಿಸಿತು.

ಹೀಗಾಗಿ ಅರ್ಜಿಯಲ್ಲಿ ‘ನನಗೆ ಹಕ್ಕಿದೆ’ ಎಂದು ಬರೆಯಬೇಡಿ. ‘ಪರಿಗಣಿಸಬೇಕಾಗಿ ಕೋರುತ್ತೇನೆ’ ಎಂದು ಬರೆಯಿರಿ. ಇನ್ನೊಂದು ಗೊಂದಲವೂ ಇದೆ. ‘ಅನುಕಂಪದ ನೇಮಕಾತಿ’ ಎಂದರೆ ಸೇವೆಯಲ್ಲಿದ್ದಾಗ ತೀರಿಕೊಂಡ ನೌಕರರ ಮನೆಯವರಿಗೆ ಕೊಡುವ ಕೆಲಸ. ನಾವು ಇಲ್ಲಿ ಹೇಳುತ್ತಿರುವುದು ಅದಲ್ಲ. ವಿಷಯದ ಸಾಲಿನಲ್ಲಿ ‘ಅನುಕಂಪದ ಆಧಾರದ ಕೋರಿಕೆ ವರ್ಗಾವಣೆ’ ಎಂದು ಪೂರ್ತಿ ಬರೆಯುವುದು ಒಳ್ಳೆಯದು.

ನಿಮ್ಮ ನೌಕರಿ ಯಾವುದು, ನಿಯಮ ಯಾವುದು

ಕೇಂದ್ರ ಸರ್ಕಾರಿ ನೌಕರರು: ಸಿಬ್ಬಂದಿ ಮತ್ತು ತರಬೇತಿ ಇಲಾಖೆ 2014ರ ಜೂನ್ 6 ಮತ್ತು 2018ರ ಅಕ್ಟೋಬರ್ 8ರಂದು ಹೊರಡಿಸಿದ ಎರಡು ಜ್ಞಾಪನಗಳು ಮುಖ್ಯ. 2018ರ ಜ್ಞಾಪನದ ಪ್ರಕಾರ, ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿರುವ ಅವಲಂಬಿತ ಮಗ, ಮಗಳು, ತಂದೆ, ತಾಯಿ, ಪತಿ ಅಥವಾ ಪತ್ನಿ, ಸಹೋದರ, ಸಹೋದರಿಯನ್ನು ನೋಡಿಕೊಳ್ಳುತ್ತಿರುವ ನೌಕರರನ್ನು ಮಾಮೂಲಿ ಸರದಿ ವರ್ಗಾವಣೆಯಿಂದ ಬಿಡಬಹುದು. ಆಡಳಿತದ ಅಡಚಣೆ ಇರಬಾರದೆಂಬ ಷರತ್ತು ಇದ್ದೇ ಇದೆ. ಈ ಜ್ಞಾಪನ ನೇರವಾಗಿ ಕಾಯುವುದು ಈಗಾಗಲೇ ಊರ ಹತ್ತಿರ ಇರುವವರನ್ನು. ದೂರ ಇರುವವರನ್ನು ಕರೆತರಬೇಕೆಂದು ಅದು ಹೇಳುವುದಿಲ್ಲ. ಆದರೂ ಆರೈಕೆ ಮಾಡುವವರ ಕಷ್ಟವನ್ನು ಸರ್ಕಾರ ಒಪ್ಪಿಕೊಂಡಿದೆ ಎಂದು ತೋರಿಸಲು ಅರ್ಜಿಯಲ್ಲಿ ಉಲ್ಲೇಖಿಸಬಹುದು.

ರೈಲ್ವೆ: ಸೊಲ್ಲಾಪುರ, ಗುಂತಕಲ್ಲು, ಪಾಲಕ್ಕಾಡ್ ವಿಭಾಗಗಳಿಗೆ ಮರಳಲು ಬಯಸುವವರಿಗೆ ಎರಡು ದಾರಿ. ಒಂದು ಸ್ವಂತ ಕೋರಿಕೆ. ಇನ್ನೊಂದು ಪರಸ್ಪರ ವರ್ಗಾವಣೆ, ಅಂದರೆ ಅಲ್ಲಿಂದ ನಿಮ್ಮ ಜಾಗಕ್ಕೆ ಬರಲು ಸಿದ್ಧರಿರುವ ಅದೇ ದರ್ಜೆಯವರನ್ನು ಹುಡುಕಿಕೊಳ್ಳುವುದು. ರೈಲ್ವೆ ಎಸ್ಟಾಬ್ಲಿಷ್‌ಮೆಂಟ್ ಮ್ಯಾನುಯಲ್‌ನ 312ನೇ ಕಂಡಿಕೆಯ ಪ್ರಕಾರ ಸ್ವಂತ ಕೋರಿಕೆಯ ಮೇಲೆ ಹೋದವರು ಹೊಸ ಕಡೆ ಆ ದರ್ಜೆಯ ಜ್ಯೇಷ್ಠತಾ ಪಟ್ಟಿಯ ಕೊನೆಗೆ ನಿಲ್ಲುತ್ತಾರೆ. 310ನೇ ಕಂಡಿಕೆಯ ಪರಸ್ಪರ ವರ್ಗಾವಣೆಯಲ್ಲಿ ತಮ್ಮ ಜ್ಯೇಷ್ಠತೆ ಅಥವಾ ಅದಲುಬದಲಾದವರ ಜ್ಯೇಷ್ಠತೆ, ಇವೆರಡರಲ್ಲಿ ಕಡಿಮೆಯಿರುವುದು ಸಿಗುತ್ತದೆ.

ಸಾರ್ವಜನಿಕ ವಲಯದ ಬ್ಯಾಂಕುಗಳು: ಪ್ರತಿ ಬ್ಯಾಂಕಿಗೂ ತನ್ನದೇ ವರ್ಗಾವಣೆ ನೀತಿ ಇರುತ್ತದೆ. ಇದಲ್ಲದೆ ಕೇಂದ್ರ ಹಣಕಾಸು ಸೇವೆಗಳ ಇಲಾಖೆ 2014ರ ಆಗಸ್ಟ್‌ನಲ್ಲಿ ಎಲ್ಲ ಸಾರ್ವಜನಿಕ ಬ್ಯಾಂಕುಗಳಿಗೆ ಒಂದು ಸೂಚನೆ ಕಳಿಸಿದೆ. ಮದುವೆಯಾದ ಮಹಿಳಾ ನೌಕರರು ಕೇಳಿದರೆ ಪತಿ ಇರುವ ಊರಿಗೆ, ಮದುವೆಯಾಗದವರು ಕೇಳಿದರೆ ತಂದೆ–ತಾಯಿ ಇರುವ ಊರಿಗೆ ಅಥವಾ ಅದರ ಹತ್ತಿರಕ್ಕೆ ಸಾಧ್ಯವಾದ ಮಟ್ಟಿಗೆ ಹಾಕಿಕೊಡಬೇಕು ಎಂಬುದು ಅದರ ಸಾರ. ನಾಗಪುರದಲ್ಲಿರುವ ಜತ್ತದ ಹುಡುಗಿಗೆ ಮದುವೆಯಾಗಿಲ್ಲದಿದ್ದರೆ ತಾಯಿಯ ಕಾಯಿಲೆಯ ಜೊತೆಗೆ ಈ ಸೂಚನೆಯನ್ನೂ ಉಲ್ಲೇಖಿಸಬಹುದು.

ಮಹಾರಾಷ್ಟ್ರ ಸರ್ಕಾರಿ ನೌಕರರು: ಇಲ್ಲಿ ವರ್ಗಾವಣೆಗೆ 2005ರ ಕಾಯ್ದೆಯೇ ಇದೆ. ವರ್ಗಾವಣೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಏಪ್ರಿಲ್ ಅಥವಾ ಮೇ ತಿಂಗಳಲ್ಲಿ. ಉಳಿದ ತಿಂಗಳುಗಳಲ್ಲಿ ಮಾಡಬೇಕಾದರೆ ‘ಅಸಾಧಾರಣ ಸಂದರ್ಭ ಅಥವಾ ವಿಶೇಷ ಕಾರಣ’ವನ್ನು ಲಿಖಿತವಾಗಿ ದಾಖಲಿಸಿ, ಮೇಲಿನ ಪ್ರಾಧಿಕಾರದ ಒಪ್ಪಿಗೆ ಮೊದಲೇ ಪಡೆಯಬೇಕು. ಏಪ್ರಿಲ್‌ಗೆ ಮೊದಲೇ ಅರ್ಜಿ ತಲುಪಿದರೆ ಅಧಿಕಾರಿಗೆ ಸುಲಭ. ಹಠಾತ್ತಾಗಿ ಬಂದ ಕಾಯಿಲೆಯಾದರೆ ‘ವಿಶೇಷ ಕಾರಣ’ ಏನೆಂಬುದನ್ನು ಅರ್ಜಿಯಲ್ಲೇ ಎರಡು ವಾಕ್ಯದಲ್ಲಿ ಬರೆದುಕೊಡಿ. ಜಿಲ್ಲಾ ಪರಿಷತ್ ಶಾಲೆಗಳ ಶಿಕ್ಷಕರ ವರ್ಗಾವಣೆಗೆ ಬೇರೆ ನೀತಿಯಿದೆ. ಕನ್ನಡ ಮಾಧ್ಯಮದ ಹುದ್ದೆಗಳು ಇರುವುದೇ ಕೆಲವು ತಾಲೂಕುಗಳಲ್ಲಿ. ಆದ್ದರಿಂದ ನಿಮ್ಮ ಮಾಧ್ಯಮದ ಖಾಲಿ ಹುದ್ದೆ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಬೇಕು.

ಕೇರಳ ಸರ್ಕಾರಿ ನೌಕರರು: 2017ರ ಫೆಬ್ರುವರಿಯಲ್ಲಿ ಸಾಮಾನ್ಯ ವರ್ಗಾವಣೆ ಮಾರ್ಗಸೂಚಿ ಬಂದಿದೆ. ಆದ್ಯತೆಯ ಗುಂಪುಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದಾರೆ. ಅರ್ಜಿ ಕರೆದಾಗ ಯಾವ ಗುಂಪಿನಲ್ಲಿ ಹಾಕುತ್ತೀರಿ ಎಂಬುದೇ ಮುಖ್ಯ. ದಾಖಲೆಯಿಲ್ಲದೆ ಗುಂಪು ಗುರುತಿಸಿದರೆ ಪರಿಶೀಲನೆಯಲ್ಲಿ ಬಿದ್ದುಹೋಗುತ್ತದೆ.

ಆಂಧ್ರ, ತೆಲಂಗಾಣ ಮತ್ತು ಕಲ್ಯಾಣ ಕರ್ನಾಟಕ: ಇಲ್ಲಿ ಹುದ್ದೆಗಳು ‘ಸ್ಥಳೀಯ ವೃಂದ’ಗಳಾಗಿ ಹಂಚಿಹೋಗಿವೆ. ಆಂಧ್ರ, ತೆಲಂಗಾಣದಲ್ಲಿ ಸಂವಿಧಾನದ 371ಡಿ, ಕರ್ನಾಟಕದ ಏಳು ಜಿಲ್ಲೆಗಳಲ್ಲಿ 371ಜೆ ಇದಕ್ಕೆ ಆಧಾರ. ನಿಮ್ಮ ವೃಂದದ ಗಡಿಯೊಳಗೆ ವರ್ಗಾವಣೆ ಸುಲಭ, ಗಡಿ ದಾಟುವುದು ಬಹಳ ಕಷ್ಟ. ನಿಮ್ಮ ಹುದ್ದೆ ಜಿಲ್ಲೆಯ ವೃಂದದ್ದೋ, ವಲಯದ್ದೋ, ರಾಜ್ಯ ಮಟ್ಟದ್ದೋ ಎಂದು ನೇಮಕಾತಿ ಆದೇಶ ತೆಗೆದು ನೋಡಿ.

ಖಾಸಗಿ ಕಂಪನಿಗಳು: ಇಲ್ಲಿ ಕಾನೂನಿಗಿಂತ ಕಂಪನಿಯ ಎಚ್‌ಆರ್ ನೀತಿ ಮುಖ್ಯ. ವರ್ಗಾವಣೆಗೆ ಬದಲಾಗಿ ಮೂರು ತಿಂಗಳು ಮನೆಯಿಂದ ಕೆಲಸ, ವಾರದಲ್ಲಿ ಎರಡು ದಿನ ಮಾತ್ರ ಕಚೇರಿ, ಪಾಳಿ ಬದಲಾವಣೆ, ಹೀಗೆ ನಿರ್ದಿಷ್ಟ ಅವಧಿಯ ಬೇಡಿಕೆ ಇಟ್ಟರೆ ಒಪ್ಪುವ ಸಾಧ್ಯತೆ ಹೆಚ್ಚು. ಮಾತಿನಲ್ಲಿ ಒಪ್ಪಿದ್ದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಗಡಿಯವರಿಗೇ ಇರುವ ತೊಡಕು

ಒಳನಾಡಿನವರು ‘ನನ್ನ ಊರಿಗೆ ಹಾಕಿ’ ಎಂದು ಕೇಳಬಹುದು. ನಮ್ಮಲ್ಲಿ ಅನೇಕರಿಗೆ ಅದು ಆಗದ ಮಾತು. ಕರ್ನಾಟಕ ಸರ್ಕಾರದ ನೌಕರರಿಗೆ ಅಕ್ಕಲಕೋಟೆಯಲ್ಲಿ ಹುದ್ದೆಯಿಲ್ಲ. ಊರು ಆಚೆ, ಇಲಾಖೆ ಈಚೆ. ಆದ್ದರಿಂದ ‘ಸ್ವಂತ ಊರು’ ಎಂದು ಬರೆಯದೆ, ಊರಿಗೆ ಓಡಾಡಿಕೊಂಡಿರಲು ಆಗುವ ತಾಲೂಕನ್ನು ಹೆಸರಿಸಿ ಕೇಳಬೇಕು.

ಜತ್ತದವರಿಗೆ ವಿಜಯಪುರ ಅಥವಾ ಅಥಣಿ. ಅಕ್ಕಲಕೋಟೆಯವರಿಗೆ ಆಳಂದ, ಅಫಜಲಪುರ, ಇಂಡಿ. ಮಂಜೇಶ್ವರ, ಕಾಸರಗೋಡಿನವರಿಗೆ ಮಂಗಳೂರು, ಬಂಟ್ವಾಳ, ಪುತ್ತೂರು. ತಾಳವಾಡಿಯವರಿಗೆ ಚಾಮರಾಜನಗರ, ಹೊಸೂರಿನವರಿಗೆ ಆನೇಕಲ್, ಮಡಕಶಿರಾದವರಿಗೆ ಪಾವಗಡ, ಶಿರಾ. ರಾಯದುರ್ಗದವರಿಗೆ ಮೊಳಕಾಲ್ಮುರು, ಬಳ್ಳಾರಿ.

ಇಲ್ಲಿ ವೃಂದದ ಲೆಕ್ಕವನ್ನೂ ನೋಡಬೇಕು. ಆಳಂದ, ಅಫಜಲಪುರ ಕಲಬುರಗಿ ಜಿಲ್ಲೆಯವು, 371ಜೆ ವ್ಯಾಪ್ತಿಯೊಳಗೆ ಬರುತ್ತವೆ. ಇಂಡಿ ವಿಜಯಪುರ ಜಿಲ್ಲೆಯದು, ಹೊರಗಿದೆ. ಮೂರೂ ಅಕ್ಕಲಕೋಟೆಗೆ ಹೊಂದಿಕೊಂಡೇ ಇವೆ, ಆದರೆ ನಿಮ್ಮ ವೃಂದಕ್ಕೆ ಹೊಂದುವುದನ್ನೇ ಕೇಳಬೇಕು. ಬಳ್ಳಾರಿ ವ್ಯಾಪ್ತಿಯೊಳಗೆ, ಮೊಳಕಾಲ್ಮುರು ಹೊರಗೆ. ಇದನ್ನು ನೋಡದೆ ಬರೆದ ಅರ್ಜಿ ‘ವೃಂದ ಬೇರೆ’ ಎಂಬ ಒಂದೇ ಸಾಲಿನ ಹಿಂಬರಹದೊಂದಿಗೆ ವಾಪಸು ಬರುತ್ತದೆ.

ದೂರವನ್ನು ಬರೀ ಕಿಲೋಮೀಟರಿನಲ್ಲಿ ಅಳೆಯಬೇಡಿ. ತಾಳವಾಡಿ ಈರೋಡ್ ಜಿಲ್ಲೆಗೆ ಸೇರಿದ್ದರೂ ಸತ್ಯಮಂಗಲದ ಕಡೆಯಿಂದ ಬರಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಬೇಕು, ರಾತ್ರಿ ಹೊತ್ತು ಅಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ವಯನಾಡಿನಿಂದ ಗುಂಡ್ಲುಪೇಟೆಗೆ ಬರುವ ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ 2009ರಿಂದಲೂ ಇದೆ. ಮನೆಯಲ್ಲಿ ಕಾಯಿಲೆಯವರಿದ್ದಾಗ ಕರೆ ಬರುವುದು ಬಹಳ ಸಲ ರಾತ್ರಿಯೇ. 2020ರ ಮಾರ್ಚ್–ಏಪ್ರಿಲ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದ್ದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ಪಾಡು ಏನಾಯಿತೆಂದು ನಮಗೆಲ್ಲ ನೆನಪಿದೆ. ‘ನಕ್ಷೆಯಲ್ಲಿ ಹತ್ತಿರವಿದೆಯಲ್ಲ, ಇದ್ದಲ್ಲೇ ಇರಿ’ ಎನ್ನುವ ಅಧಿಕಾರಿಗೆ ಈ ರಸ್ತೆಯ ಸಂಗತಿಯನ್ನು ಬರೆದು ತಿಳಿಸುವುದು ನಮ್ಮ ಕೆಲಸ.

ಯಾವ ದಾಖಲೆಗಳು ಬೇಕು

ಕಡತ ನೋಡುವವರ ಮನಸ್ಸಿನಲ್ಲಿ ನಾಲ್ಕು ಪ್ರಶ್ನೆಗಳಿರುತ್ತವೆ. ಕಾಯಿಲೆ ಏನು? ಎಂಥ ಆರೈಕೆ ಬೇಕು? ನೀವೇ ಏಕೆ? ಆ ಊರೇ ಏಕೆ?

ಕಾಯಿಲೆ ಏನು: ಚಿಕಿತ್ಸೆ ನೀಡುತ್ತಿರುವ ತಜ್ಞ ವೈದ್ಯರ ಪ್ರಮಾಣಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ, ಇತ್ತೀಚಿನ ತಪಾಸಣಾ ವರದಿ. ಸರ್ಕಾರಿ ಆಸ್ಪತ್ರೆಯ ಅಥವಾ ಜಿಲ್ಲಾ ಶಸ್ತ್ರಚಿಕಿತ್ಸಕರ ಪತ್ರವಿದ್ದರೆ ತೂಕ ಹೆಚ್ಚು. ಇಡೀ ಕಡತದ ಜೆರಾಕ್ಸ್ ಬೇಡ, ಐದಾರು ಪುಟ ಸಾಕು.

ಎಂಥ ಆರೈಕೆ ಬೇಕು: ಬಹಳ ಅರ್ಜಿಗಳು ಸೋಲುವುದು ಇಲ್ಲಿ. ವೈದ್ಯರು ರೋಗದ ಹೆಸರು ಬರೆದಿರುತ್ತಾರೆ, ರೋಗಿಗೆ ಸದಾ ಜೊತೆಗೊಬ್ಬರು ಬೇಕೆಂದು ಬರೆದಿರುವುದಿಲ್ಲ. ‘ಎದ್ದು ಓಡಾಡಲು, ಸ್ನಾನ ಮಾಡಲು, ಔಷಧಿ ತೆಗೆದುಕೊಳ್ಳಲು ಇನ್ನೊಬ್ಬರ ನೆರವು ಬೇಕು, ಎಷ್ಟು ಕಾಲ ಬೇಕಾಗಬಹುದು’ ಎಂಬುದನ್ನು ಪ್ರಮಾಣಪತ್ರದಲ್ಲಿ ಬರೆಸಿಕೊಳ್ಳಿ.

ಅಂಗವೈಕಲ್ಯ ಪ್ರಮಾಣಪತ್ರ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಲಕ್ವಾದಿಂದ ಉಳಿದ ಚಲನೆಯ ತೊಂದರೆ, ಪಾರ್ಕಿನ್ಸನ್, ದೃಷ್ಟಿದೋಷ, ಮಾನಸಿಕ ಕಾಯಿಲೆ ಇದರೊಳಗೆ ಬರುತ್ತವೆ. ಕ್ಯಾನ್ಸರ್, ಮೂತ್ರಪಿಂಡದ ವೈಫಲ್ಯ ಆ ಪಟ್ಟಿಯಲ್ಲಿ ಇಲ್ಲ. ಅಂಥವರು 2018ರ ಜ್ಞಾಪನವನ್ನು ನಂಬಿಕೊಳ್ಳದೆ ತಮ್ಮ ಇಲಾಖೆಯ ‘ಗಂಭೀರ ಕಾಯಿಲೆ’ ಅಥವಾ ‘ಅನುಕಂಪ’ದ ಕಲಂ ಹುಡುಕಬೇಕು. ಪ್ರಮಾಣಪತ್ರಕ್ಕೆ ತಂದೆ–ತಾಯಿ ವಾಸವಿರುವ ಜಿಲ್ಲೆಯಲ್ಲೇ, ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಹಾಕಬಹುದು. ಕಾಯ್ದೆಯ 58ನೇ ಕಲಂ ಪ್ರಕಾರ ಅದು ದೇಶದೆಲ್ಲೆಡೆ ಸಲ್ಲುತ್ತದೆ. ‘ಇದು ಮಹಾರಾಷ್ಟ್ರದ್ದು, ನಮ್ಮ ರಾಜ್ಯದಲ್ಲಿ ನಡೆಯೋದಿಲ್ಲ’ ಎಂದು ಯಾರಾದರೂ ಹೇಳಿದರೆ ಈ ಕಲಮನ್ನು ತೋರಿಸಿ.

ನೀವೇ ಏಕೆ: ಅಣ್ಣ–ತಮ್ಮ, ಅಕ್ಕ–ತಂಗಿಯರು ಎಲ್ಲಿದ್ದಾರೆ, ಏಕೆ ನೋಡಿಕೊಳ್ಳಲಾಗದು ಎಂಬುದನ್ನು ಮುಚ್ಚಿಡದೆ ಬರೆಯಿರಿ. ಅವರಿಂದ ಒಂದು ಅಫಿಡವಿಟ್ ಇದ್ದರೆ ಪ್ರಶ್ನೆಯೇ ಏಳದು. ಹೆಣ್ಣುಮಕ್ಕಳಿಗೆ ‘ನೀನು ಗಂಡನ ಮನೆಯವಳು, ತವರಿನ ಜವಾಬ್ದಾರಿ ನಿನಗ್ಯಾಕೆ’ ಎಂಬ ಮಾತು ಬರುವುದುಂಟು. ತಂದೆ–ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಲ್ಲಿ ‘ಮಕ್ಕಳು’ ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಲ್ಲರೂ. ಆ ಕಾಯ್ದೆ ವರ್ಗಾವಣೆ ಕೊಡಿಸುವುದಿಲ್ಲ, ಆದರೆ ಆ ಮಾತಿಗೆ ಸಾಕಷ್ಟು ಉತ್ತರವಾಗುತ್ತದೆ.

ಸಂಬಂಧ ಮತ್ತು ವಾಸ: ಪಡಿತರ ಚೀಟಿ, ಆಧಾರ್, ನಿಮ್ಮ ಸೇವಾ ಪುಸ್ತಕದ ಕುಟುಂಬ ವಿವರ. ಗಡಿಯಲ್ಲಿ ಹೆಸರಿನ ವ್ಯತ್ಯಾಸ ಸಾಮಾನ್ಯ. ಸೇವಾ ಪುಸ್ತಕದಲ್ಲಿ ಕನ್ನಡದ ರೀತಿ, ಆಧಾರ್‌ನಲ್ಲಿ ಮರಾಠಿಯ ರೀತಿ ಅಡ್ಡಹೆಸರು, ಇನ್ನೊಂದರಲ್ಲಿ ಬರೀ ಇನಿಷಿಯಲ್. ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿಡಿ. ತಲಾಠಿ, ಗ್ರಾಮಾಧಿಕಾರಿಗಳ ಪತ್ರ ಮರಾಠಿ, ಮಲಯಾಳ, ತಮಿಳು, ತೆಲುಗಿನಲ್ಲಿದ್ದರೆ ನಿಮ್ಮ ಕಚೇರಿಯ ಭಾಷೆಯ ಅನುವಾದವನ್ನು ಲಗತ್ತಿಸಿ. ಓದಲಾಗದ ಪತ್ರ ಎಷ್ಟು ನಿಜವಿದ್ದರೂ ಕಡತದಲ್ಲಿ ಮೂಕ.

ಮಾದರಿ ಅರ್ಜಿ

ಮಲೆನಾಡಿನ ಜಿಲ್ಲೆಯೊಂದರಲ್ಲಿ ಕೆಲಸ ಮಾಡುವ, ತಂದೆ ಜತ್ತ ತಾಲೂಕಿನಲ್ಲಿರುವ ಕರ್ನಾಟಕ ಸರ್ಕಾರಿ ನೌಕರರೊಬ್ಬರನ್ನು ಊಹಿಸಿಕೊಂಡು ಈ ಮಾದರಿ ಕೊಡುತ್ತಿದ್ದೇವೆ. ಒಂದು ಪುಟ ಮೀರಬಾರದು.

ಇವರಿಂದ: (ಹೆಸರು, ಹುದ್ದೆ, ಕಚೇರಿ, ನೌಕರರ ಸಂಖ್ಯೆ)
ಇವರಿಗೆ: (ವರ್ಗಾವಣೆ ಮಾಡುವ ಸಕ್ಷಮ ಪ್ರಾಧಿಕಾರ)
ಮೂಲಕ: (ನಿಮ್ಮ ಕಚೇರಿಯ ಮುಖ್ಯಸ್ಥರು)

ಮಾನ್ಯರೇ,

ವಿಷಯ: ತಂದೆಯವರ ಆರೈಕೆಗಾಗಿ ಅನುಕಂಪದ ಆಧಾರದ ಮೇಲೆ ವಿಜಯಪುರ ಜಿಲ್ಲೆಗೆ ಕೋರಿಕೆ ವರ್ಗಾವಣೆ ನೀಡುವ ಬಗ್ಗೆ.

ನಾನು ಪ್ರಸ್ತುತ ಹುದ್ದೆಯಲ್ಲಿ (ದಿನಾಂಕ)ದಿಂದ ಕಾರ್ಯನಿರ್ವಹಿಸುತ್ತಿದ್ದೇನೆ. ನನ್ನ ತಂದೆಯವರಿಗೆ 74 ವರ್ಷ. ಅವರು ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನಲ್ಲಿ ವಾಸವಿದ್ದಾರೆ. (ದಿನಾಂಕ)ದಂದು ಪಾರ್ಶ್ವವಾಯುವಿನಿಂದ ಅವರ ದೇಹದ ಎಡಭಾಗ ಸ್ವಾಧೀನ ತಪ್ಪಿದೆ. ಅಂಗವೈಕಲ್ಯದ ಪ್ರಮಾಣ ಶೇ (—) ಎಂದು ವೈದ್ಯಕೀಯ ಪ್ರಾಧಿಕಾರ ದೃಢೀಕರಿಸಿದೆ. ದಿನನಿತ್ಯದ ಕೆಲಸಗಳಿಗೆ ಇನ್ನೊಬ್ಬರ ನೆರವು ಬೇಕೆಂದು ತಜ್ಞ ವೈದ್ಯರು ತಿಳಿಸಿದ್ದಾರೆ (ಲಗತ್ತು 1, 2).

ತಾಯಿಯವರು ತೀರಿಕೊಂಡಿದ್ದಾರೆ. ಸಹೋದರಿ ಹೊರರಾಜ್ಯದಲ್ಲಿದ್ದು, ಅವರ ಅಫಿಡವಿಟ್ ಲಗತ್ತಿಸಿದೆ (ಲಗತ್ತು 3). ಈಗಿನ ಸ್ಥಳದಿಂದ ಊರು ತಲುಪಲು ಒಂದು ರಾತ್ರಿಯ ಪ್ರಯಾಣ ಬೇಕು. ತಂದೆಯವರ ಚಿಕಿತ್ಸೆ ವಿಜಯಪುರದಲ್ಲಿ ನಡೆಯುತ್ತಿದೆ. ಅಲ್ಲಿಗೆ ವರ್ಗವಾದರೆ ಅವರನ್ನು ನನ್ನೊಂದಿಗೆ ಇರಿಸಿಕೊಂಡು ಕರ್ತವ್ಯವನ್ನೂ ಲೋಪವಿಲ್ಲದೆ ನಿರ್ವಹಿಸಬಲ್ಲೆ.

ನನ್ನ ವೃಂದದ ಹುದ್ದೆ (ಕಚೇರಿಯ ಹೆಸರು) ಇಲ್ಲಿ ಖಾಲಿಯಿರುವುದಾಗಿ ತಿಳಿದುಬಂದಿದೆ. ಅದು ಸಾಧ್ಯವಾಗದಿದ್ದಲ್ಲಿ ಇಂಡಿ ಅಥವಾ ಅಥಣಿಯ ಯಾವುದೇ ಹುದ್ದೆಗೆ, ಅದೂ ಆಗದಿದ್ದಲ್ಲಿ ಒಂದು ವರ್ಷದ ನಿಯೋಜನೆಗೆ ನನ್ನ ಒಪ್ಪಿಗೆ ಇದೆ. ಕೋರಿಕೆ ವರ್ಗಾವಣೆಯ ಜ್ಯೇಷ್ಠತೆ ಹಾಗೂ ಭತ್ಯೆಯ ಷರತ್ತುಗಳು ತಿಳಿದಿವೆ. ದಯವಿಟ್ಟು ಪರಿಗಣಿಸಬೇಕಾಗಿ ವಿನಂತಿ.

ತಮ್ಮ ವಿಧೇಯ,
(ಸಹಿ, ದಿನಾಂಕ)

ಈ ಮಾದರಿಯಲ್ಲಿ ನಾವು ಮುಖ್ಯವೆಂದು ನೋಡುವುದು ಕೊನೆಯ ಭಾಗವನ್ನು. ಒಂದೇ ಜಾಗಕ್ಕೆ ಪಟ್ಟು ಹಿಡಿದರೆ ‘ಹುದ್ದೆ ಖಾಲಿಯಿಲ್ಲ’ ಎಂದು ಬರೆದು ಕಡತ ಮುಚ್ಚುವುದು ಸುಲಭ. ಮೂರು ಆಯ್ಕೆ ಕೊಟ್ಟರೆ ಮೂರಕ್ಕೂ ಉತ್ತರ ಬರೆಯಬೇಕಾಗುತ್ತದೆ. ಖಾಲಿ ಹುದ್ದೆಯ ವಿವರವನ್ನು ಇಲಾಖೆಯ ಜಾಲತಾಣದಲ್ಲಿ, ನೌಕರರ ಸಂಘದಲ್ಲಿ ವಿಚಾರಿಸಿ. ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು.

ಅರ್ಜಿ ಕೊಟ್ಟ ಮೇಲೆ

ಕಚೇರಿ ಮುಖ್ಯಸ್ಥರ ಮೂಲಕವೇ ಕಳಿಸಿ. ಅವರು ‘ಶಿಫಾರಸು ಮಾಡಿದೆ’ ಎಂದು ಬರೆದರೆ ಅದಕ್ಕೆ ಬೆಲೆಯಿದೆ. ಆದ್ದರಿಂದ ಅರ್ಜಿ ಕೊಡುವ ಮೊದಲು ಅವರೊಂದಿಗೆ ಕೂತು ಮಾತಾಡಿ. ನೀವು ಹೋದರೆ ಕೆಲಸ ಯಾರು ನೋಡಿಕೊಳ್ಳಬಹುದು ಎಂಬುದಕ್ಕೂ ಒಂದು ಸಲಹೆ ಇರಲಿ. ಪ್ರತಿಯ ಮೇಲೆ ಮುದ್ರೆ, ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. ಆನ್‌ಲೈನ್ ಆದರೆ ಅರ್ಜಿ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಶಾಸಕರ, ಸಂಸದರ ಪತ್ರ ತರಬಹುದೇ ಎಂದು ಕೇಳುತ್ತಾರೆ. ಬೇಡ. ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 20ನೇ ನಿಯಮ ಸೇವಾ ವಿಷಯಗಳಲ್ಲಿ ರಾಜಕೀಯ ಅಥವಾ ಹೊರಗಿನ ಪ್ರಭಾವ ತರುವುದನ್ನು ನಿಷೇಧಿಸುತ್ತದೆ. ಪ್ರಾಮಾಣಿಕ ಕಾರಣವಿರುವ ಅರ್ಜಿಗೆ ಅಂಥ ಪತ್ರ ಕಳಂಕವಾದೀತು.

ಆರೆಂಟು ವಾರ ಉತ್ತರ ಬಾರದಿದ್ದರೆ ವಿನಯದಿಂದ ನೆನಪೋಲೆ ಬರೆಯಿರಿ. ತಿರಸ್ಕರಿಸಿದರೆ ಕಾರಣ ಸಹಿತ ಲಿಖಿತ ಹಿಂಬರಹ ಕೇಳಿ. ಕಾರಣ ತಿಳಿದರೆ ಅದನ್ನು ಸರಿಪಡಿಸಿ ಮತ್ತೊಮ್ಮೆ ಹಾಕಬಹುದು. ಕಾಯಿಲೆ ಹೆಚ್ಚಾದರೆ ಹೊಸ ವೈದ್ಯಕೀಯ ಪತ್ರದೊಂದಿಗೆ ಮತ್ತೆ ಕೇಳಲು ಅಡ್ಡಿಯಿಲ್ಲ. ಕೇಂದ್ರ ನೌಕರರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿ ಇದೆ, ಕರ್ನಾಟಕ, ಮಹಾರಾಷ್ಟ್ರ, ಕೇರಳದಲ್ಲಿ ರಾಜ್ಯದ ಮಂಡಳಿಗಳಿವೆ. ಮನವಿ ಕೊಟ್ಟು ಆರು ತಿಂಗಳಾದರೂ ತೀರ್ಮಾನವಾಗದಿದ್ದರೆ ಅಲ್ಲಿಗೆ ಹೋಗಲು ಕಾನೂನಿನಲ್ಲಿ ಅವಕಾಶವಿದೆ. ಮಂಡಳಿಗಳು ಬಹುಮಟ್ಟಿಗೆ ಮಾಡುವುದು ‘ಕಾರಣ ಸಹಿತ ತೀರ್ಮಾನಿಸಿ’ ಎಂದು ಇಲಾಖೆಗೆ ಸೂಚಿಸುವುದನ್ನು. ನೇರವಾಗಿ ವರ್ಗ ಮಾಡಿಕೊಡುವುದು ಅಪರೂಪ.

ಏನು ಕಳೆದುಕೊಳ್ಳುತ್ತೀರಿ

ಕೋರಿಕೆ ವರ್ಗಾವಣೆ ಬಿಟ್ಟಿ ಬರುವುದಿಲ್ಲ. ವೃಂದ ಅಥವಾ ಜ್ಯೇಷ್ಠತಾ ಘಟಕ ಬದಲಾದರೆ ಜ್ಯೇಷ್ಠತೆ ಹೋಗುವುದು ಸಾಮಾನ್ಯ, ಬಡ್ತಿ ಕೆಲವು ವರ್ಷ ಹಿಂದೆ ಬೀಳುತ್ತದೆ. ಕೇಂದ್ರ ನೌಕರರಿಗೆ ಸ್ವಂತ ಕೋರಿಕೆಯ ಮೇಲೆ ಹೋದರೆ ವರ್ಗಾವಣೆಯ ಪ್ರಯಾಣ ಭತ್ಯೆಯಾಗಲಿ ಸೇರಿಕೆ ಕಾಲವಾಗಲಿ ಸಿಗುವುದಿಲ್ಲ. ನಡುವಿನ ದಿನಗಳಿಗೆ ಸ್ವಂತ ರಜೆ ಹಾಕಬೇಕು. ಆದ್ದರಿಂದ ಅರ್ಜಿಗೆ ಮೊದಲು ಮನೆಯವರೆಲ್ಲ ಕೂತು ಲೆಕ್ಕ ಹಾಕಿ. ವೈದ್ಯರು ‘ಮೂರ್ನಾಲ್ಕು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ’ ಎಂದಿದ್ದರೆ ಜ್ಯೇಷ್ಠತೆ ಬಿಡುವುದಕ್ಕಿಂತ ರಜೆ ಅಥವಾ ನಿಯೋಜನೆ ಲೇಸು. ವರ್ಷಗಟ್ಟಲೆ ನಡೆಯುವ ಕಾಯಿಲೆಯಾದರೆ ಬಡ್ತಿಯ ಆಸೆ ಬಿಟ್ಟು ಬಂದರೂ ನಷ್ಟವೆನಿಸದು. ಯಾವುದು ಸರಿಯೆಂದು ಹೇಳುವ ಅಧಿಕಾರ ನಮಗಿಲ್ಲ. ತಿಳಿದು ಆರಿಸಿಕೊಳ್ಳಬೇಕು ಎಂಬುದಷ್ಟೇ ನಮ್ಮ ಮಾತು.

ಆದೇಶ ಬರುವವರೆಗೆ

ಕೇಂದ್ರ ನೌಕರರಿಗೆ ತಂದೆ–ತಾಯಿಯ ಆರೈಕೆಗೆಂದೇ ಪ್ರತ್ಯೇಕ ರಜೆ ಇಲ್ಲ. ಶಿಶುಪಾಲನಾ ರಜೆ ಮಕ್ಕಳಿಗೆ ಮಾತ್ರ. ಆದರೆ ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧ ವೇತನ ರಜೆ, 8 ದಿನ ಸಾಂದರ್ಭಿಕ ರಜೆ, 2 ನಿರ್ಬಂಧಿತ ರಜೆ ಇವೆ. ವೃದ್ಧ ತಂದೆ–ತಾಯಿಯ ಆರೈಕೆಯೂ ಸೇರಿದಂತೆ ಯಾವುದೇ ಸ್ವಂತ ಕಾರಣಕ್ಕೆ ಇವನ್ನು ಬಳಸಬಹುದೆಂದು ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ತಿಳಿಸಿದೆ. ಒಟ್ಟಿಗೇ ಖರ್ಚು ಮಾಡಿಬಿಡದೆ, ಶಸ್ತ್ರಚಿಕಿತ್ಸೆ, ಡಿಸ್ಚಾರ್ಜ್ ಆದ ಮೊದಲ ವಾರ, ತಪಾಸಣೆಯ ದಿನ ಹೀಗೆ ಹಂಚಿಕೊಳ್ಳಿ. ಅಣ್ಣ–ತಂಗಿಯರು ತಿಂಗಳ ಪಾಳಿ ಮಾಡಿಕೊಂಡರೆ ಒಬ್ಬರ ಮೇಲೇ ಭಾರ ಬೀಳದು. ಹೇಳದೆ ಕೇಳದೆ ಕರ್ತವ್ಯಕ್ಕೆ ಗೈರಾಗಬೇಡಿ. ಎಂಥ ಒಳ್ಳೆಯ ಅರ್ಜಿಯನ್ನೂ ಅನಧಿಕೃತ ಗೈರುಹಾಜರಿ ಕೆಡಿಸುತ್ತದೆ.

ಕೊನೆಯದಾಗಿ, ಸಂಘದಿಂದ ಆಗಬಹುದಾದದ್ದು. ವರ್ಗಾವಣೆ ಮಾಡಿಸುವುದು ನಮ್ಮಿಂದ ಆಗದು, ಆಗುತ್ತದೆಂದು ಹೇಳುವವರನ್ನು ನಂಬಲೂ ಬೇಡಿ. ಆದರೆ ಮರಾಠಿ, ಮಲಯಾಳ, ತಮಿಳು, ತೆಲುಗಿನ ಕಾಗದವನ್ನು ಕನ್ನಡಕ್ಕೆ, ಕನ್ನಡದ್ದನ್ನು ಆ ಭಾಷೆಗಳಿಗೆ ಮಾಡಿಕೊಡಬಲ್ಲವರು ನಮ್ಮ ಸದಸ್ಯರಲ್ಲೇ ಪ್ರತಿ ಊರಲ್ಲಿ ಇದ್ದಾರೆ. ಪರಸ್ಪರ ವರ್ಗಾವಣೆಗೆ ಜೋಡಿ ಹುಡುಕುವವರು ತಮ್ಮ ಇಲಾಖೆ, ದರ್ಜೆ, ಈಗಿನ ಸ್ಥಳ, ಬೇಕಾದ ಸ್ಥಳ ಇಷ್ಟನ್ನು ತಮ್ಮ ಊರಿನ ಘಟಕಕ್ಕೆ ತಿಳಿಸಿದರೆ ಉಳಿದ ಊರುಗಳ ಸದಸ್ಯರಿಗೆ ಮುಟ್ಟಿಸಬಹುದು. ಇನ್ನು ಮಗನೋ ಮಗಳೋ ಬರುವವರೆಗೆ ಒಂಟಿಯಾಗಿರುವ ಹಿರಿಯರ ಮನೆಗೆ ದಿನಕ್ಕೊಮ್ಮೆ ಹೋಗಿ ‘ಅಜ್ಜಾ, ಗುಳಿಗೆ ತಗೊಂಡಿರಾ?’ ಎಂದು ಕೇಳಿ ಬರುವುದಕ್ಕೆ ಯಾವ ಇಲಾಖೆಯ ಆದೇಶವೂ ಬೇಕಿಲ್ಲ. ನಿಮ್ಮ ಓಣಿಯಲ್ಲಿ ಅಂಥ ಮನೆಯಿದ್ದರೆ ದಯವಿಟ್ಟು ಹೋಗಿಬನ್ನಿ.